ಕಾಲು ಸುಮ್ಮನಿರಬೇಕಾದಾಗ: ಹಾರ್ಪ್ ವಾದಕಿ ಕ್ಯಾಟ್ರಿನ್ ಫಿಂಚ್ ಪ್ರಕರಣ

2012ರ ಮಾರ್ಚ್ 22ರ ಬೆಳಗ್ಗೆ ಪಶ್ಚಿಮ ಆಫ್ರಿಕಾದ ಮಾಲಿ ದೇಶದ ರಾಜಧಾನಿ ಬಮಾಕೊದಲ್ಲಿ ಸೈನಿಕರ ಗುಂಪೊಂದು ಸರ್ಕಾರಿ ಟೀವಿಯಲ್ಲಿ ಕಾಣಿಸಿಕೊಂಡು, ಅಧಿಕಾರ ತಮ್ಮ ಕೈಗೆ ಬಂದಿದೆ ಎಂದು ಸಾರಿತು. ವಿಮಾನ ನಿಲ್ದಾಣಕ್ಕೆ ಬೀಗ ಬಿತ್ತು, ಗಡಿಗಳು ಮುಚ್ಚಿದವು. ಅದೇ ಹೊತ್ತಿಗೆ ವೇಲ್ಸ್‌ನಲ್ಲಿ ಒಂದು ಜೋಡಿ ಕಛೇರಿಯ ಸಿದ್ಧತೆ ನಡೆದಿತ್ತು. ಜೋಡಿಯಲ್ಲಿ ಒಬ್ಬರು ವೇಲ್ಸ್‌ನ ಶಾಸ್ತ್ರೀಯ ಹಾರ್ಪ್ ವಾದಕಿ ಕ್ಯಾಟ್ರಿನ್ ಫಿಂಚ್. ಇನ್ನೊಬ್ಬರು ಮಾಲಿಯ ತುಮಾನಿ ದಿಯಾಬಾತೆ, ಪಶ್ಚಿಮ ಆಫ್ರಿಕಾದ ತಂತಿವಾದ್ಯ ಕೋರಾದ ವಾದಕ. ಎಪ್ಪತ್ತೊಂದು ತಲೆಮಾರಿನಿಂದ ಕೋರಾ ನುಡಿಸಿಕೊಂಡು ಬಂದ ಮನೆತನ ತಮ್ಮದು ಎಂದು ಹೇಳಿಕೊಳ್ಳುತ್ತಿದ್ದವರು. ಅಭ್ಯಾಸದ ದಿನ ಬಂತು, ತುಮಾನಿ ಬರಲಾಗಲಿಲ್ಲ.

ಏರ್ಪಾಡು ಮಾಡಿದವರು ಇಂಗ್ಲೆಂಡಿನಲ್ಲೇ ನೆಲೆಸಿದ್ದ ಇನ್ನೊಬ್ಬ ಕೋರಾ ವಾದಕನನ್ನು ಕರೆಸಿದರು. ಸೆನೆಗಲ್ ಮೂಲದ ಸೆಕು ಕೀಟಾ. ತುಮಾನಿ ಬರುವವರೆಗೆ ಅಭ್ಯಾಸ ನಿಲ್ಲದಿರಲಿ ಅನ್ನುವುದಷ್ಟೇ ಅವರ ಲೆಕ್ಕ. ತುಮಾನಿ ಆಮೇಲೆ ಬಂದರು, ಅವರ ಜೊತೆಗಿನ ಕಛೇರಿಗಳೂ ಆದವು. ಆದರೆ ಅಡ್ಡಹೊತ್ತಿನಲ್ಲಿ ಬಂದು ಕೂತ ಸೆಕು ಜೊತೆಗಿನ ನಂಟು ಹತ್ತು ವರ್ಷ ನಡೆಯಿತು. ಅದರಿಂದ ಮೂರು ಆಲ್ಬಮ್‌ಗಳು ಹುಟ್ಟಿದವು.

ಇದನ್ನು ಅದೃಷ್ಟದ ಕಥೆಯಾಗಿ ಹೇಳಿ ಮುಗಿಸಿಬಿಡಬಹುದು. ಪತ್ರಿಕೆಗಳು ಬಹುಪಾಲು ಹಾಗೆಯೇ ಹೇಳಿವೆ. ನನಗೆ ಅದು ಸಾಲದು ಅನ್ನಿಸುತ್ತದೆ. ಎರಡು ದೇಶದ ಎರಡು ವಾದ್ಯಗಳನ್ನು ಒಂದೇ ವೇದಿಕೆ ಮೇಲೆ ಕೂರಿಸಿ ‘ಫ್ಯೂಶನ್’ ಎಂದು ಹೆಸರಿಟ್ಟು, ಎರಡನೆಯ ಕಛೇರಿಯ ಹೊತ್ತಿಗೆ ಮರೆತುಬಿಟ್ಟ ಪ್ರಯೋಗಗಳಿಗೆ ಲೆಕ್ಕವಿಲ್ಲ. ಇದು ಯಾಕೆ ಹಾಗಾಗಲಿಲ್ಲ? ಶಾಸ್ತ್ರೀಯ ತರಬೇತಿಯ ತುತ್ತತುದಿ ಮುಟ್ಟಿದ್ದ ವಾದಕಿಯೊಬ್ಬರು ಪರಂಪರೆಯ ವಾದ್ಯದ ಪಕ್ಕ ಕೂತಾಗ ಏನನ್ನು ತಂದರು, ಏನನ್ನು ಬಿಟ್ಟರು? ನನ್ನ ಮಟ್ಟಿಗೆ ಉತ್ತರ ಅವರ ಕಾಲಿನಲ್ಲಿದೆ.

ಏಣಿಯ ಮೇಲ್ತುದಿ

ಕ್ಯಾಟ್ರಿನ್ ಹುಟ್ಟಿದ್ದು 1980ರಲ್ಲಿ, ವೇಲ್ಸ್‌ನ ಪಶ್ಚಿಮ ಕರಾವಳಿಯ ಕೆರೆಡಿಗಿಯನ್ ಸೀಮೆಯ ಲಾನೋನ್ ಎಂಬ ಹಳ್ಳಿಯಲ್ಲಿ. ಸ್ಪೇನ್ ಮೂಲದ ಹಾರ್ಪ್ ವಾದಕಿ ಮರೀಸಾ ರೋಬ್ಲೆಸ್ ಅವರ ಕಛೇರಿ ಕೇಳಿದ ಮೇಲೆ ಆರನೇ ವಯಸ್ಸಿಗೆ ಹಾರ್ಪ್ ಹಿಡಿದರು. ಒಂಬತ್ತಕ್ಕೆ ಎಂಟನೇ ಗ್ರೇಡ್ ಪರೀಕ್ಷೆ ಮುಗಿಸಿದರು. ಬ್ರಿಟನ್ನಿನ ಗ್ರೇಡ್ ಪರೀಕ್ಷೆಗಳಲ್ಲಿ ಕೊನೆಯದು ಅದೇ. ಹತ್ತಕ್ಕೆ ಬ್ರಿಟನ್ನಿನ ರಾಷ್ಟ್ರೀಯ ಯುವ ಆರ್ಕೆಸ್ಟ್ರಾ ಸೇರಿ, ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದ ಅದರ ಅತಿ ಕಿರಿಯ ಸದಸ್ಯೆ ಅನ್ನಿಸಿಕೊಂಡರು. ವೇಲ್ಸ್‌ನ ಎಲಿನೋರ್ ಬೆನೆಟ್ ಬಳಿ ಪಾಠ, ಪರ್ಸೆಲ್ ಶಾಲೆ, ಆಮೇಲೆ ರಾಯಲ್ ಅಕಾಡೆಮಿಯಲ್ಲಿ ಸ್ಕೈಲಾ ಕಾಂಗಾ ಅವರ ಕೈಕೆಳಗೆ ಓದು. 1999ರಲ್ಲಿ ಫ್ರಾನ್ಸಿನ ಲಿಲಿ ಲಾಸ್ಕಿನ್ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಗೆದ್ದರು.

2000ದಲ್ಲಿ ಆಗಿನ ವೇಲ್ಸ್ ರಾಜಕುಮಾರ ಚಾರ್ಲ್ಸ್, ವಿಕ್ಟೋರಿಯಾ ರಾಣಿಯ ಕಾಲದ ಒಂದು ಹುದ್ದೆಗೆ ಮತ್ತೆ ಜೀವ ಕೊಟ್ಟರು. ಆಸ್ಥಾನದ ಹಾರ್ಪ್ ವಾದಕ ಹುದ್ದೆ. ವಿಕ್ಟೋರಿಯಾ ಕಾಲದಲ್ಲಿ ಅದು ಜಾನ್ ಥಾಮಸ್ ಎಂಬ ವೇಲ್ಸ್ ವಾದಕರದ್ದಾಗಿತ್ತು. ಹೊಸದಾಗಿ ನೇಮಕವಾದ ಮೊದಲಿಗರು ಇಪ್ಪತ್ತು ವರ್ಷದ ಕ್ಯಾಟ್ರಿನ್. 2004ರವರೆಗೂ ಅವರದೇ ಹುದ್ದೆ. 2009ರಲ್ಲಿ ಜರ್ಮನ್ ಸಂಯೋಜಕ ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಶನ್ಸ್’ ಕೃತಿಯನ್ನು ತಾವೇ ಹಾರ್ಪಿಗೆ ಹೊಂದಿಸಿಕೊಂಡು ಡಾಯ್ಚ ಗ್ರಾಮೊಫೋನ್ ಕಂಪನಿಗೆ ಧ್ವನಿಮುದ್ರಣ ಮಾಡಿಕೊಟ್ಟರು.

ಸ್ಪರ್ಧೆ, ಪದವಿ, ಆಸ್ಥಾನ, ದೊಡ್ಡ ಕಂಪನಿ. ಮೂವತ್ತು ತುಂಬುವ ಮೊದಲೇ ಏಣಿ ಮುಗಿದಿತ್ತು.

ಇಲ್ಲಿ ಹಾರ್ಪಿನವರ ಒಂದು ತಾಪತ್ರಯವನ್ನು ಹೇಳಬೇಕು. ಪಿಯಾನೋದವರಿಗೂ ಪಿಟೀಲಿನವರಿಗೂ ಜೀವನಪೂರ್ತಿ ನುಡಿಸಿದರೂ ಮುಗಿಯದಷ್ಟು ಕೃತಿಗಳಿವೆ. ಹಾರ್ಪಿಗೆ ದೊಡ್ಡ ಹೆಸರಿನ ಸಂಯೋಜಕರು ಬರೆದದ್ದು ಕಡಿಮೆ. ಮೊಟ್ಸಾರ್ಟ್ 1778ರಲ್ಲಿ ಕೊಳಲು ಮತ್ತು ಹಾರ್ಪಿಗೆಂದು ಒಂದು ಕಾನ್ಸರ್ಟೋ ಬರೆದ, ಅಷ್ಟೇ. ಡೆಬ್ಯುಸಿ 1904ರಲ್ಲಿ ಬರೆದ ಎರಡು ನೃತ್ಯಗಳೂ ರಾವೆಲ್ ಮರುವರ್ಷ ಬರೆದ ‘ಇಂಟ್ರೊಡಕ್ಷನ್ ಅಂಡ್ ಅಲೆಗ್ರೊ’ ಕೃತಿಯೂ ಹುಟ್ಟಿದ್ದು ಪ್ಲೆಯೆಲ್, ಎರಾರ್ ಎಂಬ ಎರಡು ವಾದ್ಯ ತಯಾರಕರ ಪೈಪೋಟಿಯಿಂದ. ತಮ್ಮ ಮಾದರಿಯೇ ಮೇಲು ಎಂದು ತೋರಿಸಿಕೊಳ್ಳಲು ಆ ಕಂಪನಿಗಳು ಬರೆಸಿದ ಕೃತಿಗಳು ಅವು. ಇವತ್ತು ಹಾರ್ಪ್ ವಾದಕರು ಕಣ್ಣಿಗೊತ್ತಿಕೊಂಡು ನುಡಿಸುವ ಸಂಗೀತದಲ್ಲಿ ಒಂದು ಪಾಲು ಹಳೆಯ ಜಾಹೀರಾತು ಅನ್ನುವುದು ನನಗೆ ಯಾವಾಗಲೂ ನಗು ತರಿಸುತ್ತದೆ. ಆರ್ಕೆಸ್ಟ್ರಾದಲ್ಲೂ ಪಿಟೀಲಿಗೆ ಹತ್ತಾರು ಕುರ್ಚಿ, ಹಾರ್ಪಿಗೆ ಒಂದೋ ಎರಡೋ. ಹೀಗಾಗಿ ಗೋಲ್ಡ್‌ಬರ್ಗ್‌ನಂಥ ಕೀಬೋರ್ಡ್ ಕೃತಿಯನ್ನು ಹಾರ್ಪಿಗೆ ತರುವುದನ್ನು ಬರೀ ಸಾಹಸ ಎಂದು ನೋಡಲಾಗದು. ಏಣಿಯ ಮೇಲ್ತುದಿಯಲ್ಲಿ ನಿಂತವರು ಅಕ್ಕಪಕ್ಕ ಕಣ್ಣು ಹಾಯಿಸಲೇಬೇಕಾಗುತ್ತದೆ.

ಏಳು ಪೆಡಲ್‌ಗಳ ಲೆಕ್ಕ

ವೀಣೆ ಗೊತ್ತಿದ್ದವರಿಗೆ ಹಾರ್ಪ್ ಮೊದಲ ನೋಟಕ್ಕೆ ಗೊಂದಲ. ವೀಣೆಯಲ್ಲಿ ನುಡಿಸುವ ತಂತಿ ನಾಲ್ಕೇ. ಮೆಟ್ಟಿಲ ಮೇಲೆ ಒತ್ತಿ, ಎಳೆದು, ಒಂದೇ ತಂತಿಯಿಂದ ಬೇಕಾದ ಸ್ವರ ತೆಗೆಯುತ್ತೇವೆ. ಹಾರ್ಪಿನಲ್ಲಿ ಒಂದು ತಂತಿಗೆ ಒಂದೇ ಸ್ವರ. ಒತ್ತಲು ಮೆಟ್ಟಿಲಿಲ್ಲ, ಎಳೆಯಲು ಎಡೆಯಿಲ್ಲ. (ಇದು ನಮಗೆ ತೀರಾ ಹೊರಗಿನದೇನೂ ಅಲ್ಲ. ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿ ಅರಸನ ತೊಡೆಯ ಮೇಲಿರುವ ‘ವೀಣೆ’ ಬಿಲ್ಲಿನ ಆಕಾರದ ಹಾರ್ಪೇ.)

ಕಛೇರಿಯ ದೊಡ್ಡ ಹಾರ್ಪಿಗೆ 47 ತಂತಿ, ಆರೂವರೆ ಸ್ಥಾಯಿಯಷ್ಟು ಹರಹು, ಆಳೆತ್ತರ, ನಲವತ್ತು ಕಿಲೋದ ಹತ್ತಿರ ತೂಕ. ದಾರಿ ತಪ್ಪದಿರಲೆಂದು ಪ್ರತಿ ಸ್ಥಾಯಿಯ ಒಂದು ತಂತಿಗೆ ಕೆಂಪು ಬಣ್ಣ, ಇನ್ನೊಂದಕ್ಕೆ ಕಪ್ಪು ಅಥವಾ ನೀಲಿ. ಎರಡೂ ಕೈಯ ಕಿರುಬೆರಳಿಗೆ ಕೆಲಸವಿಲ್ಲ. ಉಳಿದ ಎಂಟು ಬೆರಳಿನಲ್ಲೇ ಎಲ್ಲ. ಸ್ಥಾಯಿಗೆ ಏಳೇ ತಂತಿಯಾದರೆ ಉಳಿದ ಐದು ಸ್ವರಗಳು ಎಲ್ಲಿಂದ ಬರಬೇಕು? ಕಾಲಿನಿಂದ. ವಾದ್ಯದ ಬುಡದಲ್ಲಿ ಏಳು ಪೆಡಲ್‌ಗಳಿವೆ, ಏಳು ಸ್ವರಕ್ಕೆ ಒಂದೊಂದು. ಎಡಗಾಲಿಗೆ ಮೂರು, ಬಲಗಾಲಿಗೆ ನಾಲ್ಕು. ಪ್ರತಿ ಪೆಡಲಿಗೂ ಮೂರು ನೆಲೆ: ಮೇಲೆ ಬಿಟ್ಟರೆ ಸ್ವರ ಕೋಮಲ, ನಡುವಿಗೆ ತಂದರೆ ಅರ್ಧ ಮೆಟ್ಟಿಲು ಏರುತ್ತದೆ, ತಳಕ್ಕೆ ಒತ್ತಿದರೆ ಇನ್ನರ್ಧ. ಒಂದು ಪೆಡಲ್ ಒತ್ತಿದರೆ ಎಲ್ಲ ಸ್ಥಾಯಿಗಳಲ್ಲೂ ಆ ಸ್ವರ ಒಟ್ಟಿಗೆ ಬದಲಾಗುತ್ತದೆ. ಈ ವ್ಯವಸ್ಥೆಯನ್ನು ಸೆಬಾಸ್ಟಿಯನ್ ಎರಾರ್ 1810ರಲ್ಲಿ ಪೇಟೆಂಟ್ ಮಾಡಿಸಿಕೊಂಡ. ಇಂದಿಗೂ ತತ್ತ್ವ ಅದೇ.

ಸಭಿಕರು ಕೈ ನೋಡುತ್ತಾರೆ, ವಾದಕರಿಗೆ ಚಿಂತೆಯೆಲ್ಲ ಕಾಲಿನದು. ಬಾಖ್ ಗೋಲ್ಡ್‌ಬರ್ಗ್ ಕೃತಿ ಬರೆದದ್ದು ಎರಡು ಕೀಲಿಮಣೆಗಳ ಹಾರ್ಪ್ಸಿಕಾರ್ಡ್ ಎಂಬ ಹಳೆಯ ಕೀಬೋರ್ಡ್ ವಾದ್ಯಕ್ಕೆ. ಅಲ್ಲಿ ಹನ್ನೆರಡು ಸ್ವರವೂ ಬೆರಳಿನಡಿಯೇ ಇರುತ್ತವೆ. ಅದೇ ಸಾಲನ್ನು ಹಾರ್ಪಿನಲ್ಲಿ ನುಡಿಸಬೇಕಾದರೆ ಕೈ ಓಡುತ್ತಿರುವಾಗಲೇ, ಮುಂದಿನ ಸ್ವರ ಬರುವ ಕೂದಲೆಳೆಯಷ್ಟು ಮೊದಲು, ಸದ್ದಿಲ್ಲದೆ ಪೆಡಲ್ ಬದಲಾಗಿರಬೇಕು. ತಡವಾದರೆ ತಂತಿ ಝೇಂಕರಿಸಿ ಗುಟ್ಟು ಬಿಟ್ಟುಕೊಡುತ್ತದೆ. ಮೇಲಾಗಿ, ಮೀಟಿದ ತಂತಿ ತಾನಾಗಿ ನಿಲ್ಲುವುದಿಲ್ಲ. ಬೇಡದ ನಾದವನ್ನು ಅಂಗೈ ಇಟ್ಟು ಅಡಗಿಸಬೇಕು. ಈ ಕಾಲುಗಳ ಲೆಕ್ಕಾಚಾರವನ್ನು ನೀರು ಕುಡಿದಷ್ಟು ಸಲೀಸು ಮಾಡಿಕೊಳ್ಳುವುದಕ್ಕೇ ಪೆಡಲ್ ಹಾರ್ಪಿನವರ ವರ್ಷಗಟ್ಟಲೆ ಸಾಧನೆ ಸವೆಯುತ್ತದೆ.

ಮನೆಯೊಳಗೇ ಇದ್ದ ಪರಂಪರೆ

‘ಶಾಸ್ತ್ರೀಯ ವಾದಕಿ ಜನಪದದ ಕಡೆ ತಿರುಗಿದರು’ ಎಂದು ಬರೆಯುವವರು ಒಂದು ಮಾತು ಮರೆಯುತ್ತಾರೆ. ವೇಲ್ಸ್‌ನಲ್ಲಿ ಹಾರ್ಪ್ ಹೊರಗಿನಿಂದ ಬಂದ ಶ್ರೀಮಂತರ ವಾದ್ಯವಾಗಿ ಶುರುವಾದದ್ದಲ್ಲ. 1176ರಲ್ಲಿ ದೊರೆ ರೀಸ್ ತನ್ನ ಕಾರ್ಡಿಗನ್ ಕೋಟೆಯಲ್ಲಿ ಕವಿಗಳಿಗೂ ವಾದಕರಿಗೂ ಸ್ಪರ್ಧೆ ಇಟ್ಟು ಗೆದ್ದವರಿಗೆ ಪೀಠದ ಗೌರವ ಕೊಟ್ಟ ದಾಖಲೆಯಿದೆ. ಅಲ್ಲಿ ಹಾರ್ಪಿನವರೂ ಇದ್ದರು. ಆಂಗಲ್ಸಿ ದ್ವೀಪದ ರಾಬರ್ಟ್ ಆಪ್ ಹ್ಯೂ ಎಂಬ ವಾದಕ 1613ರ ಸುಮಾರಿಗೆ ತನಗಿಂತ ಹಿಂದಿನವರ ಹಾರ್ಪ್ ಸಂಗೀತವನ್ನು ಅಕ್ಷರಗಳಲ್ಲಿ ಬರೆದಿಟ್ಟ ಹಸ್ತಪ್ರತಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಹಾರ್ಪಿಗೆಂದೇ ಬರೆದಿಟ್ಟು ಉಳಿದುಬಂದ ಅತಿ ಹಳೆಯ ಸಂಗೀತಗಳಲ್ಲಿ ಅದೊಂದು. ಎರಡು ಸ್ವರಗುಂಪುಗಳನ್ನು 1 ಮತ್ತು 0 ಎಂದು ಗುರುತಿಸಿ, ಅವುಗಳ ಸರದಿಯನ್ನು ಆವರ್ತದಂತೆ ತಿರುಗಿಸುವುದು ಅದರ ಕಟ್ಟಡ. ಈ ‘ತಿರುಗಿಸುವುದು’ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಬಂದದ್ದು ಮೂರು ಸಾಲಿನ ಹಾರ್ಪ್. ಇಟಲಿಯಲ್ಲಿ ಹುಟ್ಟಿ, ಲಂಡನ್ನಿಗೆ ಬಂದು, ವೇಲ್ಸ್‌ನವರ ಕೈಗೆ ಸಿಕ್ಕ ಮೇಲೆ ‘ವೇಲ್ಸ್ ಹಾರ್ಪ್’ ಎಂದೇ ಹೆಸರಾಯಿತು. ಹೊರಗಿನ ಎರಡು ಸಾಲಿನಲ್ಲಿ ಒಂದೇ ಸ್ವರಗಳು, ಉಳಿದ ಸ್ವರಗಳು ನಡುಸಾಲಿನಲ್ಲಿ. ಪೆಡಲ್ ಬೇಕಿಲ್ಲ. ಹಳೆಯ ವೇಲ್ಸ್ ಪದ್ಧತಿಯವರು ಅದನ್ನು ಎಡ ಭುಜಕ್ಕೆ ಒರಗಿಸಿ ನುಡಿಸುತ್ತಿದ್ದರು. ಊರೂರು ಅಲೆಯುತ್ತಿದ್ದ ರೋಮಾ ಜನರ ವುಡ್ ಮನೆತನದವರು ಅದರ ಹಾಡುಗಳನ್ನು ಕಿವಿಯಿಂದ ಕಿವಿಗೆ ದಾಟಿಸಿದರು. ಹತ್ತೊಂಬತ್ತನೇ ಶತಮಾನದಲ್ಲಿ ಪೆಡಲ್ ಹಾರ್ಪ್ ಅದನ್ನು ಮೂಲೆಗೆ ತಳ್ಳಿತು. ನಾನ್ಸಿ ರಿಚರ್ಡ್ಸ್ (1888–1979) ಥರದ ಬೆರಳೆಣಿಕೆಯ ಮಂದಿಯಿಂದ ಎಳೆ ಕಡಿಯದೆ ಉಳಿಯಿತು.

ಕ್ಯಾಟ್ರಿನ್ ನುಡಿಸುವುದು ಹೀಗೆ ಮೂರು ಸಾಲಿನದನ್ನು ಮೂಲೆಗೆ ತಳ್ಳಿದ ಆ ಪೆಡಲ್ ಹಾರ್ಪನ್ನೇ. ಆದರೆ ಅವರು ಬೆಳೆದ ನೆಲದಲ್ಲಿ ಹಾರ್ಪ್ ಅಂದರೆ ಬರೀ ಸಭಾಂಗಣದ ವಾದ್ಯವಲ್ಲ. ಐಸ್ಟೆದ್‌ವೊಡ್ ಎಂಬ ಸಾಹಿತ್ಯ–ಸಂಗೀತ ಸ್ಪರ್ಧೆಗಳಲ್ಲಿ, ಹಾರ್ಪ್ ಒಂದು ಧಾಟಿ ನುಡಿಸುತ್ತಿರುವಾಗಲೇ ಅದಕ್ಕೆ ಹೊಂದುವ ಬೇರೆ ಧಾಟಿಯಲ್ಲಿ ಪದ್ಯ ಹಾಡುವ ಪದ್ಧತಿಯುಂಟು. ಹಾರ್ಪಿನ ಜೊತೆಗೆ ಇನ್ನೊಂದು ಎಳೆ ನಡೆಯುವುದನ್ನು ಕೇಳುತ್ತ ಬೆಳೆದವರಿಗೆ ಸರಿಸಮ ಜುಗಲ್‌ಬಂದಿ ಪರಕೀಯ ಅನ್ನಿಸದಿರುವುದು ಸಹಜ.

ಕೋರಾಕ್ಕೂ ಮೊದಲೇ ಒಂದು ತಾಲೀಮು ಆಗಿತ್ತು. 2000ದ ದಶಕದ ಕೊನೆಯ ವರ್ಷಗಳಲ್ಲಿ ಅವರು ಕೊಲಂಬಿಯಾದ ಸಿಮರ್ರೋನ್ ತಂಡದ ಜೊತೆ ಬ್ರಿಟನ್ನಿನಲ್ಲಿ ಊರೂರು ಸುತ್ತಿ ಕಛೇರಿ ಮಾಡಿದರು. ಕೊಲಂಬಿಯಾದ ಹುಲ್ಲುಗಾವಲು ಸೀಮೆಯ ದನಗಾಹಿಗಳ ಸಂಗೀತ ಹೊರೋಪೊ. ಅದರ ಹಾರ್ಪಿಗೆ ಪೆಡಲ್ ಇಲ್ಲ, ತೂಕ ಹಗುರ, ಗತಿ ಬಿರುಸು, ಲಯದಲ್ಲಿ ಮೂರು ಮತ್ತು ಎರಡರ ಎಳೆದಾಟ. ಹಾರ್ಪನ್ನು ತಾಳವಾದ್ಯದ ಹಾಗೆ ನುಡಿಸಬಹುದು ಅನ್ನುವ ಪಾಠ ಅಲ್ಲಿ ಸಿಕ್ಕಿರಬೇಕು ಎಂದು ಮುಂದಿನ ಕೆಲಸ ಕೇಳಿದಾಗ ಅನ್ನಿಸುತ್ತದೆ.

ಸೋರೆಬುರುಡೆಯ ವಾದ್ಯ

ಈಗ ಎದುರು ಕುರ್ಚಿಯ ವಾದ್ಯ ನೋಡೋಣ. ದೊಡ್ಡ ಸೋರೆಬುರುಡೆಯನ್ನು ಅರ್ಧಕ್ಕೆ ಸೀಳಿ, ಬಾಯಿಗೆ ಹಸುವಿನ ಚರ್ಮ ಬಿಗಿದು, ಉದ್ದನೆಯ ಗಟ್ಟಿ ಮರದ ದಂಡಿ ತೂರಿಸಿ, ಚರ್ಮದ ಮೇಲೆ ಕಚ್ಚುಗಳಿರುವ ಎತ್ತರದ ಕುದುರೆಯನ್ನು (ತಂತಿಗಳನ್ನು ಹೊರುವ ಆಧಾರವನ್ನು) ನೇರವಾಗಿ ನಿಲ್ಲಿಸಿದರೆ ಕೋರಾ. ಇಪ್ಪತ್ತೊಂದು ತಂತಿ, ಎರಡು ಸಾಲು: ಎಡಗೈಗೆ 11, ಬಲಗೈಗೆ 10. ಹಿಂದೆ ಚರ್ಮವನ್ನು ಹೊಸೆದು ತಂತಿ ಮಾಡುತ್ತಿದ್ದರು, ಈಗ ಮೀನು ಹಿಡಿಯುವ ನೈಲಾನ್ ದಾರ. ವಾದಕ ವಾದ್ಯವನ್ನು ಎದುರಿಗಿಟ್ಟುಕೊಂಡು, ಎರಡು ಹಿಡಿಗಳನ್ನು ಉಳಿದ ಬೆರಳುಗಳಲ್ಲಿ ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳಿನಲ್ಲಷ್ಟೇ ಮೀಟುತ್ತಾನೆ. ಒಟ್ಟು ನಾಲ್ಕು ಬೆರಳು.

ಸೆಕು ಕೀಟಾ ಹುಟ್ಟಿದ್ದು 1978ರಲ್ಲಿ, ಸೆನೆಗಲ್‌ನ ದಕ್ಷಿಣದ ಕಸಮಾನ್ಸ್ ಸೀಮೆಯ ಜಿಗಿಂಶೋರ್ ಊರಿನಲ್ಲಿ. ಅಪ್ಪನ ಕಡೆಯಿಂದ ಕೀಟಾ, ಅಂದರೆ ಹದಿಮೂರನೇ ಶತಮಾನದಲ್ಲಿ ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಜಾತಾನ ವಂಶದ ಹೆಸರು. ಆ ಸಮಾಜದ ರೂಢಿಯಲ್ಲಿ ಅರಸು ಮನೆತನದವರು ಹಾಡಿಸಿಕೊಳ್ಳುವವರೇ ಹೊರತು ಹಾಡುವವರಲ್ಲ. ಅಮ್ಮನ ಕಡೆಯವರು ಸಿಸೊಕೊ, ವಂಶಪಾರಂಪರ್ಯವಾಗಿ ಹಾಡಿಕೊಂಡು ಬಂದ ಜೆಲಿ ಮನೆತನ. ತಾಯಿಯ ತಂದೆಯ ಮನೆಯಲ್ಲಿ ಬೆಳೆದ ಹುಡುಗ ವಾದ್ಯ ಹಿಡಿದ. 1996ರಲ್ಲಿ ಸೋದರಮಾವ ಸೋಲೊ ಸಿಸೊಕೊ ಜೊತೆ ನಾರ್ವೆಗೆ ಹೋಗಿ ಕ್ಯೂಬಾ, ಭಾರತ, ಸ್ಕ್ಯಾಂಡಿನೇವಿಯಾದ ಕಲಾವಿದರ ಜೊತೆ ವೇದಿಕೆ ಹಂಚಿಕೊಂಡರು. ಅಂದರೆ 2012ರಲ್ಲಿ ‘ಬದಲಿ’ಯಾಗಿ ಬಂದವರಿಗೆ ಬೇರೆ ಪದ್ಧತಿಯವರ ಜೊತೆ ಕೂರುವ ಅಭ್ಯಾಸ ಕ್ಯಾಟ್ರಿನ್‌ಗಿಂತ ಹೆಚ್ಚೇ ಇತ್ತು. ಈ ಪ್ರಕರಣವನ್ನು ಹಾರ್ಪಿನ ಕಡೆಯಿಂದಷ್ಟೇ ನೋಡುವವರ ಕಣ್ಣಿಗೆ ಇದು ಬೀಳುವುದಿಲ್ಲ.

ಕೋರಾಕ್ಕೆ ಪೆಡಲ್ ಇಲ್ಲ. ಕಛೇರಿಗೆ ಮುಂಚೆ ಯಾವ ಶ್ರುತಿಗೆ ಕಟ್ಟಿದೆಯೋ ಅದೇ. ಹಳೆಯ ಕೋರಾಗಳಲ್ಲಿ ದಂಡಿಗೆ ಸುತ್ತಿದ ಚರ್ಮದ ಬಳೆಗಳನ್ನು ಮೇಲೆ ಕೆಳಗೆ ಜರುಗಿಸಿ ಶ್ರುತಿ ಮಾಡಬೇಕು. ನಡುವೆ ಬದಲಾಯಿಸುವುದು ಆಗದ ಕೆಲಸ. ಶ್ರುತಿ ಪದ್ಧತಿಗಳಿಗೆ ಹೆಸರುಗಳಿವೆ. ಸಿಲಾಬಾ ಹೆಚ್ಚುಕಡಿಮೆ ನಮ್ಮ ಶಂಕರಾಭರಣದ ಸ್ವರಗಳು. ಸೌತಾದಲ್ಲಿ ಮಧ್ಯಮ ಏರಿ ಪ್ರತಿಮಧ್ಯಮವಾಗುತ್ತದೆ, ಕಲ್ಯಾಣಿಯ ಹತ್ತಿರ. ‘ಹತ್ತಿರ’ ಎಂದದ್ದು ಬೇಕೆಂದೇ. ಪಿಯಾನೋದ ಸಮಪಾಲಿನ ಶ್ರುತಿಗೆ ಕೋರಾದ ಹಳೆಯ ಶ್ರುತಿಗಳು ಕೂದಲೆಳೆಯಷ್ಟು ಆಚೀಚೆ ನಿಲ್ಲುತ್ತವೆ. ಸೆಕು ಈ ಕಟ್ಟಿನಿಂದ ಪಾರಾಗಲು ಎರಡು ದಂಡಿಯ ಕೋರಾವನ್ನೇ ರೂಪಿಸಿದವರು. ಒಂದಕ್ಕೆ ಒಂದು ಶ್ರುತಿ, ಇನ್ನೊಂದಕ್ಕೆ ಬೇರೆ.

ಒಟ್ಟಿಗೆ ಕೂತಾಗ ಏನಾಯಿತು

ಒಬ್ಬರ ಬಳಿ ಎಲ್ಲ ಹನ್ನೆರಡು ಸ್ವರ, ಆರೂವರೆ ಸ್ಥಾಯಿ, ಎಂಟು ಬೆರಳು, ಓದಲು ಬರುವ ಬರಹ. ಇನ್ನೊಬ್ಬರ ಬಳಿ ಏಳು ಸ್ವರ, ಮೂರು ಸ್ಥಾಯಿಗಿಂತ ಕೊಂಚ ಹೆಚ್ಚು, ನಾಲ್ಕು ಬೆರಳು, ನೆನಪು. ಬಲ ಎಲ್ಲ ಒಂದೇ ಕಡೆ ಇದ್ದಂತೆ ಕಾಣುತ್ತದೆ. ಸಾಮಾನ್ಯವಾಗಿ ಇಂಥಲ್ಲಿ ದೊಡ್ಡ ವಾದ್ಯ ಚಿಕ್ಕದಕ್ಕೆ ಹಿನ್ನೆಲೆಯ ಹಾಸಿಗೆ ಹಾಸುತ್ತದೆ: ಚಿಕ್ಕದು ಸ್ಥಳೀಯ ಬಣ್ಣ ಕೊಡುತ್ತದೆ, ದೊಡ್ಡದು ಸ್ವರಮೇಳಗಳನ್ನು ಬದಲಿಸುತ್ತ ಅದಕ್ಕೆ ‘ಘನತೆ’ ತುಂಬುತ್ತದೆ. ಕೇಳಿ ಕೇಳಿ ಸಾಕಾಗಿರುವ ಸೂತ್ರ ಇದು.

ಇಲ್ಲಿ ಆದದ್ದು ಬೇರೆ. ಕೋರಾ ಜಾಗ ಬಿಟ್ಟು ಕದಲಲಾರದು ಅಂದ ಮೇಲೆ ಹಾರ್ಪ್ ಕದಲುವುದನ್ನು ಬಿಟ್ಟಿತು. ಪೆಡಲ್‌ಗಳನ್ನು ಕೋರಾದ ಏಳು ಸ್ವರಕ್ಕೆ ಹೊಂದಿಸಿಟ್ಟು, ಬಹುಪಾಲು ಅಲ್ಲೇ ನಿಲ್ಲುವುದು. ಬಾಲ್ಯದಿಂದ ಪಳಗಿಸಿದ ಕಾಲು ಸುಮ್ಮನಿರಬೇಕು. ನನಗೆ ತಿಳಿದಂತೆ, ಬಂದ ವಿದ್ಯೆಯನ್ನು ತೋರಿಸದೆ ಇರುವುದಕ್ಕಿಂತ ಕಷ್ಟದ್ದು ವಾದಕರಿಗೆ ಇನ್ನೊಂದಿಲ್ಲ.

ಕಾಲು ನಿಂತಾಗ ಕೆಲಸವೆಲ್ಲ ಕೈಗೆ ಬಂತು. ಎರಡು ವಾದ್ಯಗಳ ಬೆರಳೋಟ ಬೇರೆ ಬೇರೆ. ಹಾರ್ಪಿನಲ್ಲಿ ಸರಿಗಮ ಒಂದೇ ಕೈಯಲ್ಲಿ ಹರಿಯುತ್ತದೆ. ನಾಲ್ಕು ಬೆರಳನ್ನು ತಂತಿಗಳ ಮೇಲೆ ಮೊದಲೇ ಇಟ್ಟು ಒಂದಾದ ಮೇಲೊಂದು ಅಂಗೈಯೊಳಗೆ ಮಡಚುತ್ತಾರೆ. ಕೋರಾದಲ್ಲಿ ಅಕ್ಕಪಕ್ಕದ ಸ್ವರಗಳು ಹೆಚ್ಚಾಗಿ ಎದುರುಬದುರು ಸಾಲಿನಲ್ಲಿವೆ; ಸರಳೆ ನುಡಿಸಬೇಕಾದರೂ ಎಡ–ಬಲ–ಎಡ–ಬಲ. ಹೀಗಾಗಿ ಕೋರಾದ ಸರಳ ಸಾಲಿನಲ್ಲೂ ಒಳಗೊಳಗೇ ಒಂದು ನಡಿಗೆ ಇರುತ್ತದೆ, ಹಾರ್ಪಿನ ಸಾಲಿನಲ್ಲಿ ನೀರಿನ ಜಾರಿಕೆ. ಕೋರಾದವರು ತಮ್ಮ ಸಂಗೀತವನ್ನು ಎರಡಾಗಿ ವಿಂಗಡಿಸುತ್ತಾರೆ: ತಿರುತಿರುಗಿ ಬರುವ ಆಧಾರದ ಆವರ್ತಕ್ಕೆ ಕುಂಬೆಂಗೊ, ಅದರ ಮೇಲೆ ಥಟ್ಟನೆ ಸುರಿಯುವ ಮನೋಧರ್ಮದ ಸ್ವರಧಾರೆಗೆ ಬಿರಿಮಿಂತಿಂಗೊ. ಈ ಜೋಡಿಯ ಧ್ವನಿಮುದ್ರಣಗಳಲ್ಲಿ ಕುಂಬೆಂಗೊ ಹಿಡಿಯುವವರು ಬದಲಾಗುತ್ತಲೇ ಇರುತ್ತಾರೆ. ಹಾರ್ಪ್ ಆವರ್ತ ಹಿಡಿದರೆ ಕೋರಾ ಸುರಿಯುತ್ತದೆ, ಮತ್ತೆ ಅದಲುಬದಲು. ಕಣ್ಣು ಮುಚ್ಚಿ ಕೇಳಿದರೆ ಯಾವ ನಾದ ಯಾರದ್ದು ಎಂಬ ಗುರುತು ತಪ್ಪುವ ಕ್ಷಣಗಳಿವೆ. ಗುರುತು ಹಿಡಿಯಲು ಒಂದೇ ಸುಳಿವು ಮಂದ್ರ: ಹಾರ್ಪಿನ ಲೋಹ ಸುತ್ತಿದ ದಪ್ಪ ತಂತಿಗಳ ಆಳಕ್ಕೆ ಕೋರಾ ಇಳಿಯಲಾರದು.

ಎರಡೂ ಮೀಟುವ ವಾದ್ಯ, ಎರಡರ ನಾದವೂ ಮೀಟಿದ ಮೇಲೆ ಮಸುಕಾಗುತ್ತ ಹೋಗುವಂಥದ್ದು. ಅವೆರಡೂ ಒಂದೇ ಸ್ಥಾಯಿಯಲ್ಲಿ ಕೂತರೆ ಕೆಸರಾಗುತ್ತದೆ. ಕೋರಾದ ಜೀವ ಇರುವುದು ಮಧ್ಯ ಸ್ಥಾಯಿಯಲ್ಲಿ. ಹಾಗಾಗಿ ಹಾರ್ಪ್ ಆಗಾಗ ನಡುಮನೆ ಬಿಟ್ಟುಕೊಟ್ಟು ನೆಲಮಾಳಿಗೆಗೋ ಅಟ್ಟಕ್ಕೋ ಹೋಗಬೇಕು. ಆ ವಿವೇಕ ಈ ಆಲ್ಬಮ್‌ಗಳ ಉದ್ದಕ್ಕೂ ಕೇಳಿಸುತ್ತದೆ.

2013ರಲ್ಲಿ ಬಂದ ಮೊದಲ ಆಲ್ಬಮ್ ‘ಕ್ಲಖೈ ಡಿಬೋನ್’. ಮೊದಲ ಪದ ವೇಲ್ಸ್ ಭಾಷೆಯದು, ಗಂಟೆಗಳು ಎಂದರ್ಥ. ಎರಡನೆಯದು ಪಶ್ಚಿಮ ಆಫ್ರಿಕಾದ ಒಂದು ಹಕ್ಕಿಯ ಹೆಸರು, ಜೋಡಿಯಾಗಿ ಕೂಗಿಗೆ ಕೂಗು ಕೊಡುವುದು ಅದರ ಗುಣ. ಇದರಲ್ಲಿನ ಒಂದು ರಚನೆಯ ಹೆಸರೇ ‘ರಾಬರ್ಟ್ ಆಪ್ ಹ್ಯೂ ಮೀಟ್ಸ್ ನಿಯಾಲಿಂಗ್ ಸೋಂಕೊ’. ಮೊದಲನೆಯವನು ಆಗ ಹೇಳಿದ ಹಸ್ತಪ್ರತಿಯ ವೇಲ್ಸ್ ವಾದಕ. ಎರಡನೆಯದು ಕಸಮಾನ್ಸ್‌ನ ಹಳೆಯ ಕೋರಾ ಧಾಟಿ. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ: ಒಂದು ಕಡೆ 1 ಮತ್ತು 0ಗಳ ಸರದಿಯಲ್ಲಿ ತಿರುಗುವ ವೇಲ್ಸ್ ಸಂಗೀತ, ಇನ್ನೊಂದು ಕಡೆ ಕುಂಬೆಂಗೊ. ಎರಡೂ ಆವರ್ತದ ಸಂಗೀತ. ಮೊಟ್ಸಾರ್ಟ್‌ನ ಕೃತಿಯ ಹಾಗೆ ಮನೆಯಿಂದ ಹೊರಟು ಬೇರೆ ಶ್ರುತಿಗಳನ್ನು ಸುತ್ತಿ ಮರಳುವ ಸಂಗೀತ ಇದಲ್ಲ. ಅಂಗಳದಲ್ಲೇ ಸುತ್ತುತ್ತ ಅಂಗಳವನ್ನು ಆಳ ಮಾಡುವ ಸಂಗೀತ. ಪೆಡಲ್ ಹುಟ್ಟುವುದಕ್ಕೆ ಎಷ್ಟೋ ಮೊದಲಿನ ತಮ್ಮದೇ ನೆಲದ ಹಾರ್ಪಿಗೆ ಕ್ಯಾಟ್ರಿನ್ ಕೋರಾದ ಮೂಲಕ ಮರಳಿದರು ಅನ್ನುವುದು ನನ್ನ ಓದು. ಆ ಆಲ್ಬಮ್ಮನ್ನು ಬ್ರಿಟನ್ನಿನ ಎಫ್‌ರೂಟ್ಸ್ ಪತ್ರಿಕೆಯ ವಿಮರ್ಶಕರು ವರ್ಷದ ಆಲ್ಬಮ್ ಎಂದು ಆರಿಸಿದರು.

2018ರ ‘ಸೋರ್’ ಇನ್ನೂ ಒಂದು ಹೆಜ್ಜೆ ಮುಂದೆ. ವೇಲ್ಸ್‌ನ ಡವಿ ನದಿಯ ಅಳಿವೆಯಲ್ಲಿ ಗೂಡು ಕಟ್ಟಿ, ಚಳಿಗಾಲಕ್ಕೆ ಪಶ್ಚಿಮ ಆಫ್ರಿಕಾಕ್ಕೆ ಹಾರಿಹೋಗುವ ಆಸ್ಪ್ರೆ ಎಂಬ ಮೀನುಗಿಡುಗ ಅದರ ಎಳೆ. 2013ರಲ್ಲಿ ಅಲ್ಲಿ ಮೊಟ್ಟೆಯೊಡೆದು ಬಂದ ಕ್ಲಾರಾಕ್ ಎಂಬ ಹೆಣ್ಣು ಹಕ್ಕಿಯ ಹೆಸರಿನಲ್ಲಿ ಮೊದಲ ರಚನೆಯಿದೆ. ಇನ್ನೊಂದರ ಹೆಸರು ‘1677’. ಗುಲಾಮರ ಸಾಗಣೆಗೆ ಕುಖ್ಯಾತವಾದ ಸೆನೆಗಲ್‌ನ ಗೋರೇ ದ್ವೀಪ ಫ್ರೆಂಚರ ವಶವಾದ ವರ್ಷ. ಮತ್ತೊಂದರ ಹಿಂದೆ ಲಿವರ್‌ಪೂಲ್ ನಗರದ ನೀರಿಗಾಗಿ 1965ರಲ್ಲಿ ಅಣೆಕಟ್ಟಿನಡಿ ಮುಳುಗಿದ ವೇಲ್ಸ್‌ನ ಕಾಪೆಲ್ ಕೆಲಿನ್ ಹಳ್ಳಿಯ ನೆನಪು. ಇಬ್ಬರೂ ತಂತಮ್ಮ ಮನೆಯ ಗಾಯ ತಂದಿಟ್ಟಿದ್ದಾರೆ, ಒಬ್ಬರದನ್ನು ಇನ್ನೊಬ್ಬರು ನುಡಿಸುತ್ತಾರೆ.

ಇದೇ ಆಲ್ಬಮ್ಮಿನ ‘ಬಾಖ್ ಟು ಬೈಸ್ಸೊ’ ಶುರುವಾಗುವುದು ಗೋಲ್ಡ್‌ಬರ್ಗ್‌ನ ಮೊದಲಿಗೆ ಬರುವ ‘ಏರಿಯಾ’ ಎಂಬ ಮೂಲ ಧಾಟಿಯಿಂದ. 2009ರಲ್ಲಿ ಕಾಲೂ ಕೈಯೂ ಬಿಡುವಿಲ್ಲದೆ ದುಡಿಸಿಕೊಂಡ ಕೃತಿಯದೇ ಬಾಗಿಲು. ಅಲ್ಲಿಂದ ಸಂಗೀತ ಸೆನೆಗಲ್‌ನ ಬೈಸ್ಸೊ ಧಾಟಿಗೆ ಜಾರುತ್ತದೆ. ಎಲ್ಲಿ ಜಾರಿತು ಎಂದು ಮೊದಲ ಸಲ ಕೇಳಿದಾಗ ನನಗೆ ತಿಳಿಯಲಿಲ್ಲ. ಎರಡನೇ ಸಲ ತಿಳಿಯಿತು: ಏರಿಯಾದ ಕೆಳಧ್ವನಿ ಮೆಲ್ಲಗೆ ಆವರ್ತವಾಗಿ ಕೂತುಬಿಡುತ್ತದೆ. ಬಾಖ್‌ನ ಮೂವತ್ತು ವೇರಿಯೇಶನ್‌ಗಳೂ ನಿಂತಿರುವುದು ಮರಳಿ ಮರಳಿ ಬರುವ ಕೆಳಧ್ವನಿಯ ಮೇಲೆಯೇ ಅಲ್ಲವೇ!

ನಾಲ್ಕು ಸಾವಿರ ಜನರ ಊರು

ಇದೆಲ್ಲ ಇಬ್ಬರ ಪ್ರತಿಭೆಯಿಂದಲೇ ಆಯಿತು ಅನ್ನುವುದು ಅರ್ಧ ಸತ್ಯ. ಕಾರ್ಡಿಗನ್‌ನಲ್ಲಿ (ರೀಸ್ ದೊರೆಯ ಅದೇ ಊರು, ಈಗಲೂ ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು) ಮುಲ್ಡನ್ ಎಂಬ ರಂಗಮಂದಿರವಿದೆ. ಸಿನಿಮಾ, ನಾಟಕ, ಕಛೇರಿ ಎಲ್ಲ ಒಂದೇ ಸೂರಿನಡಿ. ಇಂಥ ಮಂದಿರಗಳು ಸಾಮಾನ್ಯವಾಗಿ ಬಂದ ಕಾರ್ಯಕ್ರಮಕ್ಕೆ ಬಾಗಿಲು ತೆರೆದು ಸುಮ್ಮನಾಗುತ್ತವೆ. ಇದು ತಾನೇ ಮುಂದಾಗಿ ಕಾರ್ಯಕ್ರಮ ಹುಟ್ಟುಹಾಕಿತು. ತುಮಾನಿ–ಕ್ಯಾಟ್ರಿನ್ ಜೋಡಿಯ ಯೋಜನೆ, ಸೆಕು ಜೊತೆಗಿನ ಆಲ್ಬಮ್, ಕಛೇರಿ ಪ್ರವಾಸ ಎಲ್ಲದರ ಹಿಂದೆ ಮುಲ್ಡನ್ ಇತ್ತು. ಮುಂದೆ ‘ಬೆಂಡಿಗೆಡಿಗ್’ ಎಂಬ ಲೇಬಲ್ಲಿನಲ್ಲೂ ಪಾಲುದಾರನಾಯಿತು. ‘ಸೋರ್’ ಬಂದದ್ದು ಅದರಿಂದ.

ದೊಡ್ಡ ಕಂಪನಿಯಾಗಿದ್ದರೆ 2012ರಲ್ಲಿ ಏನಾಗುತ್ತಿತ್ತು? ಹೆಸರಾಂತ ವಾದಕ ಬರಲಿಲ್ಲ, ದಿನಾಂಕ ಮುಂದೂಡಿ ಎಂದು ಕಡತ ಮುಚ್ಚುತ್ತಿತ್ತು ಎಂದೇ ನನ್ನ ಊಹೆ. ಅಭ್ಯಾಸಕ್ಕೆ ಮೀಸಲಿಟ್ಟ ದಿನಗಳು ಹಾಳಾಗಬಾರದು ಅನ್ನುವ ಚಿಂತೆ ಸಣ್ಣ ಊರಿನ ಸಣ್ಣ ಬಜೆಟ್ಟಿನವರಿಗೇ ಬರುವುದು.

2019ರಲ್ಲಿ ಬಿಬಿಸಿ ರೇಡಿಯೊ 2ರ ಜನಪದ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಜೋಡಿ ಪ್ರಶಸ್ತಿ ಇವರಿಬ್ಬರಿಗೆ ಬಂತು. ಅದೇ ಸಂಜೆ ವರ್ಷದ ವಾದಕ ಪ್ರಶಸ್ತಿ ಸೆಕುಗೆ ಹೋಯಿತು. ಹಾರ್ಪ್ ಕೋರಾವನ್ನು ನುಂಗಲಿಲ್ಲ ಅನ್ನುವುದಕ್ಕೆ ಇದನ್ನೇ ಸಾಕ್ಷಿ ಎಂದುಕೊಳ್ಳಬಹುದು.

ತಕರಾರುಗಳು

ಒಂದು ತಕರಾರು ನ್ಯಾಯವಾದದ್ದೇ. ಕ್ಯಾಟ್ರಿನ್ ಕೋರಾ ಕಲಿತು ವೇದಿಕೆಗೆ ತರಲಿಲ್ಲ, ತಮ್ಮ ಪೆಡಲ್ ಹಾರ್ಪ್ ಬಿಟ್ಟು ಏಳಲಿಲ್ಲ. ಹಾಗಿದ್ದ ಮೇಲೆ ಇದನ್ನು ಪರಂಪರೆಯ ವಾದ್ಯಗಳ ಶೋಧ ಎನ್ನಬಹುದೇ? ನಾನು ಎನ್ನುತ್ತೇನೆ. ಆರು ತಿಂಗಳು ಕೋರಾ ಹಿಡಿದು ನಾಲ್ಕು ಧಾಟಿ ಕಲಿತು ನುಡಿಸಿದ್ದರೆ ಚಿತ್ರ ಚೆನ್ನಾಗಿ ಬರುತ್ತಿತ್ತು, ಸಂಗೀತ ಬರುತ್ತಿರಲಿಲ್ಲ. ಒಂದು ವಾದ್ಯ ಏನನ್ನು ಮಾಡಲಾರದು ಎಂಬುದನ್ನು ಪಕ್ಕದಲ್ಲಿ ಕೂತು, ತನ್ನ ವಾದ್ಯದ ಮೈಯಲ್ಲೇ ಆ ಮಿತಿಯನ್ನು ಅನುಭವಿಸುವುದೂ ಶೋಧವೇ.

ಇನ್ನೊಂದು ತಕರಾರಿಗೆ ನನ್ನಲ್ಲಿ ಅಷ್ಟು ಸಲೀಸಾದ ಉತ್ತರವಿಲ್ಲ. ಎರಡು ವಾದ್ಯ ಒಂದೇ ಶ್ರುತಿಗೆ ಬರಲೇಬೇಕು. ಕೋರಾದ ಹಳೆಯ ಶ್ರುತಿಯ ಆ ಕೂದಲೆಳೆಯ ಅಂತರಗಳು ಹಾರ್ಪಿನ ಪಕ್ಕ ಕೂತಾಗ ಎಷ್ಟು ಉಳಿಯುತ್ತವೆ? ಕಾಲು ನಿಲ್ಲಿಸಿ ಹಾರ್ಪ್ ತನ್ನ ಪಾಲು ಬಿಟ್ಟುಕೊಟ್ಟಿತು, ಶ್ರುತಿಯಲ್ಲಿ ಕೋರಾವೂ ಕೊಂಚ ಬಿಟ್ಟುಕೊಟ್ಟಿದೆ. ಸೆಕು ಒಬ್ಬರೇ ನುಡಿಸಿದ 2015ರ ‘22 ಸ್ಟ್ರಿಂಗ್ಸ್’ ಕೇಳಿ, ಆಮೇಲೆ ಜೋಡಿಯ ಆಲ್ಬಮ್ ಕೇಳಿದರೆ ವ್ಯತ್ಯಾಸ ಕಿವಿಗೆ ತಾಗುತ್ತದೆ. ಆ ಇಪ್ಪತ್ತೆರಡರ ಹಿಂದೆ ಒಂದು ಐತಿಹ್ಯವಿದೆ: ಮೊದಲ ಕೋರಾಕ್ಕೆ ಇಪ್ಪತ್ತೆರಡು ತಂತಿ ಇದ್ದವಂತೆ, ಮೊದಲ ವಾದಕ ತೀರಿಕೊಂಡಾಗ ಅವನ ನೆನಪಿಗೆ ಉಳಿದವರು ಒಂದನ್ನು ತೆಗೆದರಂತೆ. ಕಸಮಾನ್ಸ್‌ನ ಕೆಲವರು ಆ ತಂತಿಯನ್ನು ಈಗಲೂ ಉಳಿಸಿಕೊಂಡಿದ್ದಾರೆ.

ಮೂರನೆಯ ಆಲ್ಬಮ್ ‘ಎಕೋ’ 2022ರಲ್ಲಿ ಬಂತು. ಅದರೊಂದಿಗೆ ಈ ತ್ರಿವಳಿ ಮುಗಿಯಿತು. ತುಮಾನಿ ದಿಯಾಬಾತೆ 2024ರ ಜುಲೈಯಲ್ಲಿ ತೀರಿಕೊಂಡರು. ಕ್ಯಾಟ್ರಿನ್ ಈಗ ಐರ್ಲೆಂಡಿನ ಪಿಟೀಲು ವಾದಕಿ ಈಫಾ ನೀ ವ್ರಿಯನ್ ಜೊತೆ ನುಡಿಸುತ್ತಿದ್ದಾರೆ. ಅವರೂ ಶಾಸ್ತ್ರೀಯ ತರಬೇತಿ ಮತ್ತು ಊರ ಸಂಗೀತ ಎರಡರಲ್ಲೂ ಬೆಳೆದವರು. ಅವರಿಬ್ಬರ ಮೊದಲ ಆಲ್ಬಮ್ 2023ರಲ್ಲಿ ಬಂತು. ಪಿಟೀಲಿಗೆ ಏಳೇ ಸ್ವರದ ಕಟ್ಟಿಲ್ಲ, ಎಲ್ಲಿಗೆ ಬೇಕಾದರೂ ಜಾರಬಲ್ಲದು. ಹಾರ್ಪಿನ ಕಾಲಿಗೆ ಮತ್ತೆ ಕೆಲಸ ಬಂದಿದೆ.